ಸಂತರ ಎಲುಬಿಗೆ ಅರಬ್ಬಿ ಕರಡಿಗೆ

(ಮಧ್ಯಯುಗದ ಯುರೋಪಿನ ಇಸ್ಲಾಮಿ ಕಲೆ ಮತ್ತು ರೊಮನೆಸ್ಕ್, ಅಂದರೆ 11-12ನೇ ಶತಮಾನದ ಕ್ರೈಸ್ತ, ಕಲೆಯನ್ನು ಕುರಿತ ಉಪನ್ಯಾಸದ ಬರಹ ರೂಪ)

ಸ್ನೇಹಿತರೇ,

ಉತ್ತರ ಸ್ಪೇನಿನ ಪಾಂಪ್ಲೋನಾ ನಗರದಲ್ಲಿರುವ ನವಾರ ವಸ್ತುಸಂಗ್ರಹಾಲಯದಲ್ಲಿ ಆನೆದಂತದ ಒಂದು ಕರಡಿಗೆ ಇದೆ. ಉದ್ದ ಸುಮಾರು 38 ಸೆಂಟಿಮೀಟರ್. ಮುಚ್ಚಳ ಮನೆಯ ಮಾಡಿನ ಹಾಗೆ ನಾಲ್ಕೂ ಕಡೆಗೆ ಇಳಿಜಾರು. ಮೈಮೇಲೆ ಬೆರಳಿಡಲೂ ಜಾಗವಿಲ್ಲದಷ್ಟು ಕೆತ್ತನೆ. ಎಂಟು ದಳಗಳ ಚೌಕಟ್ಟುಗಳು ಸಾಲಾಗಿವೆ. ಒಂದರಲ್ಲಿ ಗಡ್ಡದ ಒಡೆಯನೊಬ್ಬ ಪೀಠದ ಮೇಲೆ ಕುಳಿತಿದ್ದಾನೆ, ಎಡಬಲದಲ್ಲಿ ಊಳಿಗದವರು. ಇನ್ನೊಂದರಲ್ಲಿ ವಾದ್ಯ ನುಡಿಸುವವರು. ಹಿಂಬದಿಗೆ ಬಂದರೆ ಬೇಟೆ, ಕಾಳಗ, ಸಿಂಹಗಳು. ಎರಡು ಚೌಕಟ್ಟುಗಳ ನಡುವೆ ಉಳಿದ ಜಾಗವನ್ನೆಲ್ಲ ಎಲೆಬಳ್ಳಿ ತುಂಬಿಕೊಂಡಿದೆ. ಮುಚ್ಚಳದ ಅಂಚಿನ ಸುತ್ತ ಕೂಫಿ ಎಂಬ ಹಳೆಯ, ಮೂಲೆಮೂಲೆಯ ಅಕ್ಷರಗಳ ಲಿಪಿಯಲ್ಲಿ ಅರಬ್ಬಿ ಬರಹ: ಅಲ್ಲಾಹನ ಹೆಸರಿನಲ್ಲಿ ಶುರುವಾಗಿ, ಹಾಜಿಬ್ (ಪ್ರಧಾನ ಮಂತ್ರಿ) ಅಬ್ದುಲ್ ಮಲಿಕ್‌ಗೆ ಶುಭ, ಸಂತೋಷ, ದೀರ್ಘಾಯುಷ್ಯ ಕೋರಿ, ಇದನ್ನು ಅವನ ಅಪ್ಪಣೆಯಂತೆ ಹಿಜರಿ 395ರಲ್ಲಿ ಮಾಡಲಾಯಿತು ಎಂದು ಹೇಳುತ್ತದೆ. ನಮ್ಮ ಲೆಕ್ಕದಲ್ಲಿ 1004-05. ಕೆತ್ತಿದವರೂ ಸುಮ್ಮನಿರಲಿಲ್ಲ. ಫರಜ್, ಮಿಸ್ಬಾಹ್, ಖೈರ್ ಮುಂತಾದ ಹೆಸರುಗಳು ಪುಟ್ಟ ಅಕ್ಷರಗಳಲ್ಲಿ ಅಡಗಿವೆ.

ಈ ಅಬ್ದುಲ್ ಮಲಿಕ್‌ನ ತಂದೆ ಅಲ್ ಮನ್ಸೂರ್. ದಕ್ಷಿಣ ಸ್ಪೇನಿನ ಮುಸ್ಲಿಂ ರಾಜ್ಯದ ರಾಜಧಾನಿ ಕೋರ್ದೋಬಾದ ಖಲೀಫನನ್ನು ಹೆಸರಿಗೆ ಮಾತ್ರ ಸಿಂಹಾಸನದಲ್ಲಿ ಕೂರಿಸಿ, ರಾಜ್ಯವನ್ನು ತಾನೇ ಆಳಿದವನು. ವರ್ಷ ವರ್ಷವೂ ಉತ್ತರದ ಕ್ರೈಸ್ತ ರಾಜ್ಯಗಳ ಮೇಲೆ ದಂಡೆತ್ತಿ ಹೋಗುತ್ತಿದ್ದ. 997ರಲ್ಲಿ ಕ್ರೈಸ್ತರ ಯಾತ್ರಾಸ್ಥಳವಾದ ಸಾಂತಿಯಾಗೊ ಪಟ್ಟಣವನ್ನು ಸುಟ್ಟ. ಮಗನೂ ಅದೇ ದಾರಿ ಹಿಡಿದ.

ಅಂಥವನ ಹೆಸರು ಹೊತ್ತ ಕರಡಿಗೆ ಶತಮಾನಗಳ ಕಾಲ ಎಲ್ಲಿತ್ತು? ನವಾರದ ಲೇಯ್ರೆ ಎಂಬ ಕ್ರೈಸ್ತ ಮಠದಲ್ಲಿ. ಒಳಗೇನಿತ್ತು? ನುನಿಲೊ ಮತ್ತು ಅಲೋದಿಯಾ ಎಂಬ ಅಕ್ಕತಂಗಿಯರ ಎಲುಬುಗಳು. ತಂದೆ ಮುಸ್ಲಿಂ, ತಾಯಿ ಕ್ರೈಸ್ತಳು. ತಂದೆಯ ಧರ್ಮವೇ ಮಕ್ಕಳ ಧರ್ಮ ಎನ್ನುವುದು ಅಂದಿನ ಕಾನೂನು. ಕ್ರಿಸ್ತನನ್ನು ಬಿಡಲಾರೆವು ಎಂದಿದ್ದಕ್ಕೆ 851ರಲ್ಲಿ ಹುಎಸ್ಕಾ ಪಟ್ಟಣದಲ್ಲಿ ಅವರ ತಲೆ ಕಡಿಸಲಾಯಿತು. ಆ ಹುತಾತ್ಮರ ಎಲುಬುಗಳನ್ನು ಮಠದ ಸನ್ಯಾಸಿಗಳು, ಅಲ್ಲಾಹನ ಹೆಸರು ಕೊರೆದ, ಮುಸ್ಲಿಂ ದಂಡನಾಯಕನ ಆಯಸ್ಸಿಗೆ ಹಾರೈಸುವ ಕರಡಿಗೆಯಲ್ಲಿ ಇಟ್ಟು ಪೂಜಿಸಿದರು. ಅರಬ್ಬಿ ಬರಹವನ್ನು ಕೆರೆದು ಹಾಕಲಿಲ್ಲ, ಚಿತ್ರಗಳನ್ನು ಮುಚ್ಚಲಿಲ್ಲ.

ಇವತ್ತು ನಾನು ಹೇಳಬೇಕೆಂದಿರುವುದು ಈ ಕರಡಿಗೆಯಲ್ಲೇ ಇದೆ. ಮಧ್ಯಯುಗದ ಸ್ಪೇನ್ ಮತ್ತು ಸಿಸಿಲಿಯ ಮಾತು ಬಂದರೆ ಸಾಕು, ಜನ ಎರಡು ಪಾಳೆಯವಾಗುತ್ತಾರೆ. ಮುಸ್ಲಿಂ, ಕ್ರೈಸ್ತ, ಯಹೂದಿ ಮೂರು ಧರ್ಮದವರೂ ಅಣ್ಣತಮ್ಮಂದಿರಂತೆ ಬಾಳಿದ ಚಿನ್ನದ ಕಾಲ ಎಂದು ಒಬ್ಬರು. ಎಂಟುನೂರು ವರ್ಷ ಎಡೆಬಿಡದೆ ನಡೆದ ಧರ್ಮಯುದ್ಧ ಎಂದು ಇನ್ನೊಬ್ಬರು. ನಾನು ಎರಡನ್ನೂ ಒಪ್ಪುವುದಿಲ್ಲ. ಕಲೆ ಗಡಿ ದಾಟಿದ್ದು ಹೆಚ್ಚಾಗಿ ಕೊಳ್ಳೆಯಾಗಿ, ಕಪ್ಪವಾಗಿ, ಸೆರೆಯಾಳುಗಳ ಜೊತೆಯಲ್ಲಿ, ಕೆಲವೊಮ್ಮೆ ವ್ಯಾಪಾರಿಯ ಮೂಟೆಯಲ್ಲಿ. ಆದರೆ ದಾಟಿ ಬಂದದ್ದರ ಬೆಲೆ ಪಡೆದವರಿಗೆ ಚೆನ್ನಾಗಿ ಗೊತ್ತಿತ್ತು. ತಮ್ಮಲ್ಲಿದ್ದ ಅತ್ಯಂತ ಪವಿತ್ರವಾದದ್ದನ್ನು ಅದರೊಳಗಿಟ್ಟರು, ಅದರಂತೆಯೇ ಕಟ್ಟಿದರು. ಹಿಂಸೆಯೂ ನಿಜ, ಮೆಚ್ಚುಗೆಯೂ ನಿಜ. ಒಂದನ್ನು ಹೇಳಿ ಇನ್ನೊಂದನ್ನು ಮರೆಮಾಚಿದರೆ ಆ ಕಲ್ಲು, ದಂತ, ರೇಷ್ಮೆಗಳಿಗೆ ನಾವು ಅನ್ಯಾಯ ಮಾಡಿದ ಹಾಗೆ.

ಈಗ ಕೋರ್ದೋಬಾದ ದೊಡ್ಡ ಮಸೀದಿಗೆ ಬರೋಣ. 785-86ರಲ್ಲಿ ಒಂದನೆಯ ಅಬ್ದುಲ್ ರಹಮಾನ್ ಶುರು ಮಾಡಿದ ಈ ಕಟ್ಟಡ ಮುಂದಿನ ಇನ್ನೂರು ವರ್ಷ ಬೆಳೆಯುತ್ತಲೇ ಹೋಯಿತು. ಮೊದಲ ಹಂತದ ಕಂಬಗಳು ಹಳೆಯ ರೋಮನ್ ಕಟ್ಟಡಗಳಿಂದ, ಅರಬರಿಗೆ ಮುಂಚೆ ಸ್ಪೇನ್ ಆಳಿದ ಕ್ರೈಸ್ತ ವಿಸಿಗಾತ್ ದೊರೆಗಳ ಕಟ್ಟಡಗಳಿಂದ ತಂದವು. ಒಂದರ ಎತ್ತರ ಇನ್ನೊಂದಕ್ಕಿಲ್ಲ, ಎಲ್ಲವೂ ಗಿಡ್ಡ. ಅಷ್ಟು ಅಗಲದ ಸಭಾಂಗಣಕ್ಕೆ ಅಷ್ಟು ತಗ್ಗಿನಲ್ಲಿ ಛಾವಣಿ ಹಾಕಿದರೆ ಗಾಳಿಬೆಳಕು ಆಡುವುದಿಲ್ಲ. ಕಟ್ಟುವವರು ಕಂಡುಕೊಂಡ ಉಪಾಯ ಹೀಗಿದೆ. ಕಂಬದ ತಲೆಯ ಮೇಲೆ ಕಲ್ಲಿನ ಚೌಕ ಕಂಬವನ್ನು ಏರಿಸಿ, ಒಂದರ ಮೇಲೊಂದು ಎರಡು ಕಮಾನು ಹೂಡಿದರು. ಕೆಳಗಿನದು ಕುದುರೆಲಾಳದ ಆಕಾರದ್ದು. ಅದರ ಮೇಲೆ ಗೋಡೆಯಿಲ್ಲ, ಕಂಬಗಳು ವಾಲದಂತೆ ಹಿಡಿದಿಡುವುದಷ್ಟೇ ಅದರ ಕೆಲಸ. ಮೇಲಿನದು ಅರ್ಧವೃತ್ತ, ಛಾವಣಿಯ ಭಾರವೆಲ್ಲ ಅದರದು. ಎರಡರಲ್ಲೂ ಕೆಂಪು ಇಟ್ಟಿಗೆ ಮತ್ತು ಮಾಸಲು ಬಿಳಿಯ ಕಲ್ಲು ಒಂದಾದ ಮೇಲೊಂದು ಪಟ್ಟೆ ಹಾಕಿವೆ. ಇಂಥ ಪಟ್ಟೆ, ಇಂಥ ಅಂತಸ್ತಿನ ಕಮಾನು ಮೆರಿಡಾದ ರೋಮನ್ ಮೇಲ್ಗಾಲುವೆಯಲ್ಲಿ ಆಗಲೇ ಇತ್ತು. ಕುದುರೆಲಾಳದ ಕಮಾನೂ ಅರಬರು ಹೊತ್ತು ತಂದದ್ದಲ್ಲ. 661ರಲ್ಲಿ ವಿಸಿಗಾತ್ ದೊರೆ ಕಟ್ಟಿಸಿದ ಸಾನ್ ಹುವಾನ್ ದೆ ಬಾನ್ಯೋಸ್ ಚರ್ಚಿನಲ್ಲಿ ಇವತ್ತಿಗೂ ಅದನ್ನು ಕಾಣಬಹುದು. ಇಸ್ಲಾಮಿ ಸ್ಪೇನಿನ ಗುರುತು ಎಂದು ನಾವು ತಿಳಿದಿರುವ ಕಮಾನು ಕ್ರೈಸ್ತರ ಮನೆಯಿಂದ ಮಸೀದಿಗೆ ಬಂತು, ಹಿಗ್ಗಿತು, ಮತ್ತೆ ಕ್ರೈಸ್ತರ ಚರ್ಚಿಗೆ ಹೋಯಿತು.

ಇದೇ ಮಸೀದಿಗೆ ಇನ್ನೊಂದು ಮುಖವಿದೆ. ಸಾಂತಿಯಾಗೊವನ್ನು ಸುಟ್ಟ ಅಲ್ ಮನ್ಸೂರ್ ಅಲ್ಲಿನ ಚರ್ಚಿನ ಗಂಟೆಗಳನ್ನು ಕ್ರೈಸ್ತ ಸೆರೆಯಾಳುಗಳ ಹೆಗಲ ಮೇಲೆ ಹೊರಿಸಿ ಕೋರ್ದೋಬಾಕ್ಕೆ ತರಿಸಿದ, ಅವು ಮಸೀದಿಯಲ್ಲಿ ದೀಪಗಳಾದವು ಎಂದು ಚರಿತ್ರಕಾರರು ಬರೆದಿದ್ದಾರೆ. 1236ರಲ್ಲಿ ಕ್ರೈಸ್ತ ದೊರೆ ಮೂರನೆಯ ಫರ್ಡಿನಾಂಡ್ ಕೋರ್ದೋಬಾವನ್ನು ಗೆದ್ದಾಗ ಅದೇ ಗಂಟೆಗಳನ್ನು ಮುಸ್ಲಿಂ ಸೆರೆಯಾಳುಗಳ ಹೆಗಲಿಗೇರಿಸಿ ವಾಪಸು ಕಳಿಸಿದನಂತೆ. ಆದರೂ ಗೆದ್ದವರು ಮಸೀದಿಯನ್ನು ಕೆಡವಲಿಲ್ಲ, ಪ್ರಾರ್ಥನೆ ಮಾಡಿ ಚರ್ಚೆಂದು ಕರೆದು ಬಳಸಿದರು. ಸುಮಾರು ಮುನ್ನೂರು ವರ್ಷಗಳ ನಂತರ, 1523ರಲ್ಲಿ, ನಡುಭಾಗವನ್ನು ಒಡೆದು ದೊಡ್ಡ ಕೆಥೆಡ್ರಲ್ ಎಬ್ಬಿಸಲು ಹೊರಟಾಗ ತಡೆದು ನಿಂತದ್ದು ಕ್ರೈಸ್ತರದೇ ನಗರಸಭೆ. ಒಡೆಯುವ ಕೆಲಸಕ್ಕೆ ಕೈಹಚ್ಚಿದವರಿಗೆ ಮರಣದಂಡನೆ ಎಂದು ಅದು ಸಾರಿತ್ತು. ಚಕ್ರವರ್ತಿ ಐದನೆಯ ಚಾರ್ಲ್ಸ್ ಚರ್ಚಿನ ಪರ ನಿಂತದ್ದರಿಂದ ನಗರಸಭೆ ಸೋತಿತು. ಸೋತರೂ ಆ ನಗರಸಭೆಯ ಸದಸ್ಯರ ಬಗ್ಗೆ ನನಗೆ ಬಹಳ ಗೌರವ.

ಮಸೀದಿಯ ಮಿಹ್ರಾಬ್, ಅಂದರೆ ಮಕ್ಕಾದ ದಿಕ್ಕು ತೋರುವ ಗೂಡು, ಅದರ ಎದುರಿನ ಗುಮ್ಮಟಗಳನ್ನು ಖಲೀಫ ಎರಡನೆಯ ಅಲ್ ಹಕಮ್ 960ರ ದಶಕದಲ್ಲಿ ಕಟ್ಟಿಸಿದ. ಮೊಸಾಯಿಕ್ ಕೆಲಸಕ್ಕೆ ಕಾನ್‌ಸ್ಟಾಂಟಿನೋಪಲ್‌ನ ಕ್ರೈಸ್ತ ಚಕ್ರವರ್ತಿ ಬಣ್ಣದ ಗಾಜಿನ ಹರಳುಗಳನ್ನೂ ಕುಶಲಕರ್ಮಿಯನ್ನೂ ಕಳಿಸಿಕೊಟ್ಟ ಎಂದು ಅರಬ್ಬಿ ಇತಿಹಾಸಕಾರರು ಹೇಳುತ್ತಾರೆ. ನನ್ನ ಕಣ್ಣು ಮಾತ್ರ ಹರಳಿಗಿಂತ ಹೆಚ್ಚಾಗಿ ಗುಮ್ಮಟ ಹೊತ್ತಿರುವ ಕಲ್ಲುಪಟ್ಟಿಗಳ ಮೇಲೆ ನಿಲ್ಲುತ್ತದೆ. ಸುತ್ತಲಿನಿಂದ ಏಳುವ ಈ ಪಟ್ಟಿಗಳು ನಟ್ಟನಡುವೆ ಬಂದು ಕೂಡುವುದಿಲ್ಲ. ನಡುವನ್ನು ಬಿಟ್ಟು ಪಕ್ಕಕ್ಕೆ ಹಾಯ್ದು, ಒಂದನ್ನೊಂದು ಕತ್ತರಿಸಿ, ಎಂಟು ಮೂಲೆಯ ನಕ್ಷತ್ರ ಬಿಡಿಸುತ್ತವೆ. ನಡುವೆ ಉಳಿದ ತೆರಪಿನ ಮೇಲೆ ಪುಟ್ಟ ಗುಮ್ಮಟ ಕೂರುತ್ತದೆ. 999ರಲ್ಲಿ ಟೊಲೆಡೊದಲ್ಲಿ ಕಟ್ಟಿದ ಸಣ್ಣ ಮಸೀದಿಯಲ್ಲಿ ಒಂಬತ್ತು ಅಂಕಣ, ಒಂಬತ್ತಕ್ಕೂ ಒಂಬತ್ತು ಬಗೆಯ ಪಟ್ಟಿಜೋಡಣೆ. ಮುಂದೆ ಅದೂ ಚರ್ಚಾಯಿತು. ಹಿಂಬದಿಗೆ ಇಟ್ಟಿಗೆಯ ಅರ್ಧವೃತ್ತದ ಗರ್ಭಗೃಹ ಸೇರಿಸಿ ಗೋಡೆಗೆ ರೊಮನೆಸ್ಕ್ ಚಿತ್ರ ಬರೆದರು. ಒಂದೇ ಕಟ್ಟಡದೊಳಗೆ ನಾಲ್ಕು ಹೆಜ್ಜೆ ಇಟ್ಟರೆ ಒಂದು ಲೋಕದಿಂದ ಇನ್ನೊಂದಕ್ಕೆ ಬಂದಿರುತ್ತೀರಿ.

ಅಲ್ಲಿಂದ ಉತ್ತರಕ್ಕೆ, ಸಾಂತಿಯಾಗೊ ಯಾತ್ರೆಯ ದಾರಿಯಲ್ಲಿ, ತೊರೆಸ್ ದೆಲ್ ರೀಯೊ ಎಂಬ ಹಳ್ಳಿ ಸಿಗುತ್ತದೆ. ಅಲ್ಲಿ 12ನೇ ಶತಮಾನದ ಕೊನೆಯ ಭಾಗದ, ಎಂಟು ಮೂಲೆಯ ರೊಮನೆಸ್ಕ್ ಚರ್ಚಿದೆ. ಒಳಗೆ ನಿಂತು ತಲೆಯೆತ್ತಿದರೆ ಕೋರ್ದೋಬಾದ ಅದೇ ಪಟ್ಟಿಗಳು, ಅದೇ ನಕ್ಷತ್ರ, ಅದೇ ಖಾಲಿ ನಡು. ಬೆಟ್ಟ ದಾಟಿ ಫ್ರಾನ್ಸಿಗೆ ಹೋದರೆ ಲೋಪಿತಾಲ್ ಸೇಂಟ್ ಬ್ಲೇಜ್ ಎಂಬಲ್ಲಿ ಯಾತ್ರಿಕರಿಗಾಗಿ ಕಟ್ಟಿದ ಚರ್ಚಿನಲ್ಲೂ ಇದೇ ಗುಮ್ಮಟ. ವಿಜಯಪುರದ ಗೋಳಗುಮ್ಮಟ ನೋಡಿದವರಿಗೆ ಈ ಜೋಡಣೆ ಹೊಸದೆನಿಸುವುದಿಲ್ಲ. 1656ರ ಆ ಕಟ್ಟಡದಲ್ಲೂ ಎಂಟು ಕಮಾನುಗಳು ಒಂದನ್ನೊಂದು ಕತ್ತರಿಸಿ, ನಡುವನ್ನು ತೆರೆದಿಟ್ಟು, ಚೌಕದ ಕೋಣೆಯನ್ನು ಗುಮ್ಮಟದ ವೃತ್ತಕ್ಕೆ ಒಗ್ಗಿಸುತ್ತವೆ. ಕೋರ್ದೋಬಾದ ಮೇಸ್ತ್ರಿ ವಿಜಯಪುರಕ್ಕೆ ಬಂದ ಎಂದು ನಾನು ಹೇಳುತ್ತಿಲ್ಲ. ಎರಡರ ಜ್ಯಾಮಿತಿ ಒಂದೇ ಮನೆತನದ್ದು, ಅಷ್ಟೇ.

ಇನ್ನು ಹಣದ ವಿಚಾರ. ಕಲೆಯ ಚರಿತ್ರೆ ಹೇಳುವವರು ಇದನ್ನು ಬೇಗ ದಾಟಿಬಿಡುತ್ತಾರೆ, ನಾನು ದಾಟಲಾರೆ. 1031ರಲ್ಲಿ ಕೋರ್ದೋಬಾದ ಖಲೀಫತ್ ಮುಗಿದು ಮುಸ್ಲಿಂ ಸ್ಪೇನ್ ಚಿಕ್ಕ ಚಿಕ್ಕ ರಾಜ್ಯಗಳಾಗಿ ಒಡೆಯಿತು. ಉತ್ತರದ ಕ್ರೈಸ್ತ ದೊರೆಗಳು ದಾಳಿ ಮಾಡದಿರಲು ಅವುಗಳಿಂದ ವರ್ಷ ವರ್ಷ ಚಿನ್ನದ ಕಪ್ಪ ವಸೂಲು ಮಾಡಿದರು. ಆ ಚಿನ್ನದಲ್ಲಿ ಒಂದು ಪಾಲು ಫ್ರಾನ್ಸಿನ ಕ್ಲೂನಿ ಮಠಕ್ಕೆ ಹೋಯಿತು. ಲಿಯೋನಿನ ದೊರೆ ಒಂದನೆಯ ಫರ್ನಾಂಡೊ ವರ್ಷಕ್ಕೆ ಸಾವಿರ ಚಿನ್ನದ ನಾಣ್ಯ ಗೊತ್ತುಮಾಡಿದ್ದ. 1077ರಲ್ಲಿ ಅವನ ಮಗ ಆರನೆಯ ಅಲ್ಫೋನ್ಸೊ ಅದನ್ನು ಎರಡು ಸಾವಿರಕ್ಕೆ ಏರಿಸಿದ. 1088ರಲ್ಲಿ ಮಠಾಧಿಪತಿ ಹ್ಯೂ ಕ್ಲೂನಿಯಲ್ಲಿ ಮೂರನೆಯ ಚರ್ಚಿಗೆ ಕೈಹಾಕಿದ. ಮುಗಿದಾಗ ಅದರ ಉದ್ದ ಸುಮಾರು 187 ಮೀಟರ್. ರೋಮಿನಲ್ಲಿ ಹೊಸ ಸೇಂಟ್ ಪೀಟರ್ಸ್ ಏಳುವವರೆಗೆ ಪಶ್ಚಿಮ ಕ್ರೈಸ್ತ ಲೋಕದಲ್ಲಿ ಅದಕ್ಕಿಂತ ದೊಡ್ಡದಿರಲಿಲ್ಲ. ರೊಮನೆಸ್ಕ್ ಶೈಲಿಯ ಶಿಖರವೆಂದು ಹೊಗಳುವ ಆ ಕಟ್ಟಡದ ಹಿಂದೆ ಟೊಲೆಡೊ, ಜರಗೋಜಾ, ಸೆವಿಲ್ಲಾಗಳ ಮುಸ್ಲಿಂ ರೈತರು, ಕಸುಬುದಾರರು ತೆತ್ತ ತೆರಿಗೆಯಿದೆ. ಫ್ರೆಂಚ್ ಕ್ರಾಂತಿಯ ನಂತರ ಅದನ್ನು ಕಲ್ಲಿನ ಗಣಿಯಂತೆ ಮಾರಿ ಕೆಡವಿದರು. ಈಗ ಉಳಿದಿರುವುದು ಒಂದು ತೋಳು ಮತ್ತು ಗೋಪುರ ಮಾತ್ರ.

ಇಟಲಿಯ ಪೀಸಾ ನಗರದ ಕತೆಯೂ ಇಂಥದೇ. 1063ರಲ್ಲಿ ಮುಸ್ಲಿಮರ ಕೈಯಲ್ಲಿದ್ದ ಸಿಸಿಲಿಯ ಪಾಲೆರ್ಮೊ ಬಂದರಿನ ಮೇಲೆ ಬಿದ್ದು ತಂದ ಕೊಳ್ಳೆಯಿಂದ ಈ ಕೆಥೆಡ್ರಲ್ ಕಟ್ಟಿದೆವು ಎಂದು ಅದರ ಮುಂಗೋಡೆಯ ಶಾಸನವೇ ಹೆಮ್ಮೆಯಿಂದ ಸಾರುತ್ತದೆ. ಅದರ ಛಾವಣಿಯ ಮೇಲೆ ಒಂದು ಮೀಟರಿಗೂ ಎತ್ತರದ ಕಂಚಿನ ಗ್ರಿಫಿನ್, ಅಂದರೆ ಹದ್ದಿನ ಮೋರೆಯ ಸಿಂಹ, 19ನೇ ಶತಮಾನದವರೆಗೂ ನಿಂತಿತ್ತು. ಅದರ ಮೈಸುತ್ತ ಕೂಫಿ ಲಿಪಿಯಲ್ಲಿ ಒಡೆಯನಿಗೆ ಶುಭ ಹಾರೈಕೆ.

ಇವೆಲ್ಲಕ್ಕಿಂತ ನನಗೆ ಹೆಚ್ಚು ಪ್ರಿಯವಾದದ್ದು, ಹೆಚ್ಚು ಕಾಡುವುದು ಪಾಲೆರ್ಮೊ. ಎರಡೂವರೆ ಶತಮಾನದಷ್ಟು ಕಾಲ ಮುಸ್ಲಿಮರ ಕೈಯಲ್ಲಿದ್ದ ಆ ನಗರವನ್ನು 1072ರಲ್ಲಿ ಉತ್ತರ ಫ್ರಾನ್ಸಿನ ಕ್ರೈಸ್ತ ಯೋಧರಾದ ನಾರ್ಮನ್ನರು ಗೆದ್ದರು. 1130ರಲ್ಲಿ ಸಿಸಿಲಿಯ ದೊರೆಯಾಗಿ ಕಿರೀಟ ತೊಟ್ಟ ಎರಡನೆಯ ರೋಜರ್ ತನ್ನ ಅರಮನೆಯೊಳಗೆ ಪ್ರಾರ್ಥನಾಮಂದಿರ ಕಟ್ಟಿಸಿದ. ಅದೇ ಕಾಪೆಲ್ಲಾ ಪಾಲಾತಿನಾ, ಅರಮನೆಯ ಚರ್ಚು. ನೆಲದಲ್ಲಿ ಬಣ್ಣಬಣ್ಣದ ಅಮೃತಶಿಲೆಯ ಜೋಡಣೆ. ಗೋಡೆಯ ಮೇಲೆ ಬೈಜಾಂಟಿಯನ್, ಅಂದರೆ ಕಾನ್‌ಸ್ಟಾಂಟಿನೋಪಲ್ ಶೈಲಿಯ, ಮೊಸಾಯಿಕ್. ಗುಮ್ಮಟದಿಂದ ಕ್ರಿಸ್ತ ನೋಡುತ್ತಾನೆ, ಸುತ್ತ ಗ್ರೀಕ್ ಬರಹ, 1143ರ ಇಸವಿ. ಚರ್ಚಿನ ಉದ್ದಂಗಳ, ಅಂದರೆ ಭಕ್ತರು ನೆರೆಯುವ ನೀಳ ಸಭಾಂಗಣ, ಲ್ಯಾಟಿನ್ ಪದ್ಧತಿಯದು. ಆ ಅಂಗಳದ ಮೇಲೆ ಮರದ ಛಾವಣಿ, ಪೂರ್ತಿ ಮುಕರ್ನಾಸ್. ಚಿಕ್ಕ ಚಿಕ್ಕ ಗೂಡುಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಕೂಡಿಸಿ ಇಳಿಬಿಟ್ಟ ಕೆಲಸ ಅದು. ನಡುವೆ ಎರಡು ಸಾಲಿನಲ್ಲಿ ಇಪ್ಪತ್ತು ನಕ್ಷತ್ರಗಳು. ಪ್ರತಿ ಗೂಡಿನಲ್ಲೂ ಚಿತ್ರ: ಬಟ್ಟಲು ಹಿಡಿದು ಕಾಲು ಮಡಿಸಿ ಕುಳಿತವರು, ಊದ್ ಎಂಬ ತಂತಿವಾದ್ಯ ನುಡಿಸುವವರು, ನರ್ತಕಿಯರು, ಕುಸ್ತಿಯಾಳುಗಳು, ಒಂಟೆಗಳು. ಒಂದು ಗೂಡಿನಲ್ಲಿ ಇಬ್ಬರು ಚದುರಂಗದ ಹಾಸಿನ ಎದುರು ಕುಳಿತಿದ್ದಾರೆ. ಚದುರಂಗ ಆಡುವವರನ್ನು ತೋರಿಸುವ ಅತಿ ಹಳೆಯ ಚಿತ್ರಗಳಲ್ಲಿ ಇದೂ ಒಂದು. ನಕ್ಷತ್ರಗಳ ಅಂಚಿನಲ್ಲಿ ಅರಬ್ಬಿ ಹಾರೈಕೆ. ಪಾದ್ರಿ ಲ್ಯಾಟಿನ್ನಿನಲ್ಲಿ ಪೂಜೆ ನಡೆಸುವಾಗ ನೆತ್ತಿಯ ಮೇಲೆ ಅರಬರ ಆಸ್ಥಾನವೇ ನೆರೆದಿರುತ್ತಿತ್ತು.

ರೋಜರ್‌ಗಾಗಿ ಹಿಜರಿ 528ರಲ್ಲಿ, ಅಂದರೆ 1133-34ರಲ್ಲಿ, ನೇಯ್ದು ಕಸೂತಿ ಹಾಕಿದ ಕೆಂಪು ರೇಷ್ಮೆಯ ನಿಲುವಂಗಿ ಈಗ ವಿಯೆನ್ನಾದಲ್ಲಿದೆ. ನಡುವೆ ಖರ್ಜೂರದ ಮರ, ಎರಡೂ ಬದಿಗೆ ಒಂಟೆಯ ಮೇಲೆರಗಿದ ಸಿಂಹ, ರೂಪುರೇಖೆಗೆಲ್ಲ ಮುತ್ತಿನ ಸಾಲು, ಅಂಚಿನುದ್ದಕ್ಕೂ ಚಿನ್ನದ ದಾರದಲ್ಲಿ ಅರಬ್ಬಿ. ಮುಂದೆ ಪವಿತ್ರ ರೋಮನ್ ಚಕ್ರವರ್ತಿಗಳು ಪಟ್ಟಾಭಿಷೇಕದ ದಿನ ಶತಮಾನಗಳ ಕಾಲ ಹೊದ್ದದ್ದು ಇದನ್ನೇ.

ಈಗ ಇದರ ಇನ್ನೊಂದು ಮಗ್ಗುಲನ್ನು ಹೇಳುತ್ತೇನೆ. 1147ರಲ್ಲಿ ರೋಜರ್‌ನ ನೌಕಾಪಡೆ ಗ್ರೀಸಿನ ಥೀಬ್ಸ್, ಕೊರಿಂಥ್ ನಗರಗಳನ್ನು ದೋಚಿ ರೇಷ್ಮೆ ನೇಯುವವರನ್ನು ಸೆರೆಹಿಡಿದು ಪಾಲೆರ್ಮೊಗೆ ತಂದಿತು. 1184ರ ಕೊನೆಗೆ, ಮಕ್ಕಾ ಯಾತ್ರೆ ಮುಗಿಸಿ ಸ್ಪೇನಿಗೆ ಮರಳುತ್ತಿದ್ದ ಮುಸ್ಲಿಂ ಪ್ರವಾಸಿ ಇಬ್ನ್ ಜುಬೈರ್ ಸಿಸಿಲಿಯಲ್ಲಿ ಇಳಿದ. ರೋಜರ್‌ನ ಮೊಮ್ಮಗ ಎರಡನೆಯ ವಿಲಿಯಂ ಅರಬ್ಬಿ ಓದಿ ಬರೆಯಬಲ್ಲ ಎಂದು ಅವನು ಬೆರಗಿನಿಂದ ದಾಖಲಿಸುತ್ತಾನೆ. ದೊರೆಯ ಬಟ್ಟೆಗೆ ಚಿನ್ನದ ಕಸೂತಿ ಹಾಕುವ ಯಹ್ಯಾ ಇಬ್ನ್ ಫಿತ್ಯಾನ್ ಎಂಬವನ ಮಾತನ್ನೂ ಬರೆದುಕೊಂಡಿದ್ದಾನೆ. ಅದೇ ಪುಟಗಳಲ್ಲಿ ಅರಮನೆಯ ಊಳಿಗದವರು ತಮ್ಮ ನಂಬಿಕೆಯನ್ನು ಬಚ್ಚಿಟ್ಟು ಬದುಕುವುದನ್ನೂ ಹೇಳುತ್ತಾನೆ. ಮಗಳ ಧರ್ಮ ಉಳಿಯಲಿ ಎಂದು, ಹಡಗಿನಲ್ಲಿ ಬಂದ ಯಾತ್ರಿಕನಿಗೆ ಅವಳನ್ನು ಮದುವೆ ಮಾಡಿ ಕಳಿಸಲು ಮುಂದಾದ ತಂದೆಯ ಸಂಕಟವನ್ನೂ ಹೇಳುತ್ತಾನೆ. 1189ರಲ್ಲಿ ವಿಲಿಯಂ ಸತ್ತ ಬೆನ್ನಿಗೇ ಪಾಲೆರ್ಮೊದಲ್ಲಿ ಮುಸ್ಲಿಮರ ಮೇಲೆ ಹಲ್ಲೆ ನಡೆಯಿತು. 1220ರ ದಶಕದಿಂದ ಚಕ್ರವರ್ತಿ ಎರಡನೆಯ ಫ್ರೆಡೆರಿಕ್ ಸಿಸಿಲಿಯ ಮುಸ್ಲಿಮರನ್ನು ಇಟಲಿಯ ಲುಚೇರಾ ಪಟ್ಟಣಕ್ಕೆ ಸಾಗಿಸಿದ. 1300ರಲ್ಲಿ ಆ ಊರನ್ನೂ ಅಳಿಸಿ, ಉಳಿದವರನ್ನು ಗುಲಾಮರಾಗಿ ಮಾರಲಾಯಿತು. ಛಾವಣಿ ಉಳಿಯಿತು, ಅದನ್ನು ಮಾಡಿದ ಜನ ಉಳಿಯಲಿಲ್ಲ. ಪಾಲೆರ್ಮೊದ ಚಿತ್ರಗಳನ್ನು ತೋರಿಸಿ ಸೌಹಾರ್ದದ ಸ್ವರ್ಗವೆನ್ನುವವರು ಲುಚೇರಾದ ಹೆಸರನ್ನೂ ಹೇಳಬೇಕು ಎಂಬುದು ನನ್ನ ಒತ್ತಾಯ.

ಕೊನೆಯದಾಗಿ ಒಂದು ಪುಟ್ಟ ಕಟ್ಟಡ. ಸ್ಪೇನಿನ ಸೋರಿಯಾ ಪ್ರಾಂತ್ಯದಲ್ಲಿ, ಬೆರ್ಲಾಂಗಾ ಹತ್ತಿರದ ಬೋಳು ಗುಡ್ಡದ ಮೇಲಿರುವ ಸಾನ್ ಬಾವ್‌ದೇಲಿಯೊ. 11ನೇ ಶತಮಾನದಲ್ಲಿ, ಎರಡು ಧರ್ಮಗಳ ಗಡಿ ಹಿಂದೆ ಮುಂದೆ ಸರಿಯುತ್ತಿದ್ದ ಸೀಮೆಯಲ್ಲಿ ಕಟ್ಟಿದ್ದು. ಹೊರಗಿನಿಂದ ನೋಡಿದರೆ ಒರಟು ಕಲ್ಲಿನ ಪೆಟ್ಟಿಗೆ. ಕುದುರೆಲಾಳದ ಬಾಗಿಲು ಹೊಕ್ಕರೆ ನಟ್ಟನಡುವೆ ಒಂದೇ ಒಂದು ದಪ್ಪ ಕಂಬ. ಅದರ ತಲೆಯಿಂದ ಎಂಟು ಪಟ್ಟಿಗಳು ಖರ್ಜೂರದ ಗರಿಗಳಂತೆ ಹರಡಿ ಗೋಡೆ ಮುಟ್ಟುತ್ತವೆ. ಹಿಂಭಾಗದಲ್ಲಿ ಕುಳ್ಳ ಕಂಬಗಳ ಮೇಲೆ ಕುದುರೆಲಾಳದ ಕಮಾನುಗಳ ಕಿರುಸಾಲುಗಳು. ಕೋರ್ದೋಬಾ ಮಸೀದಿಯನ್ನು ಒಂದು ಕೋಣೆಗೆ ಇಳಿಸಿದ ಹಾಗೆ. 12ನೇ ಶತಮಾನದಲ್ಲಿ ರೊಮನೆಸ್ಕ್ ಚಿತ್ರಕಾರರು ಬಂದು ಗೋಡೆ ತುಂಬಿದರು. ಮೇಲೆ ಕ್ರಿಸ್ತನ ಬದುಕು. ಕೆಳಗೆ ಮೊಲದ ಬೇಟೆ, ಜಿಂಕೆಗೆ ಬಿಲ್ಲು ಹೂಡಿದವ, ಕರಡಿ, ಒಂಟೆ, ಬೆನ್ನ ಮೇಲೆ ಕೋಟೆ ಹೊತ್ತ ಆನೆ. ಇನ್ನೂ ಕೆಳಗೆ, ಇಳಿಬಿಟ್ಟ ಪರದೆಯಂತೆ ಬರೆದ ಚಿತ್ರ, ಅದರೊಳಗೆ ವೃತ್ತ ವೃತ್ತವಾಗಿ ಪ್ರಾಣಿಗಳು. ಮುಸ್ಲಿಂ ನೇಕಾರರ ರೇಷ್ಮೆಯ ವಿನ್ಯಾಸ ಅದು. ಅಂಥ ಬಟ್ಟೆಗಳು ಕ್ರೈಸ್ತ ಮಠಗಳಲ್ಲಿ ಸಂತರ ಅಸ್ಥಿ ಸುತ್ತಲು ಬಳಕೆಯಾಗುತ್ತಿದ್ದವು.

1917ರಲ್ಲಿ ಇದನ್ನು ರಾಷ್ಟ್ರೀಯ ಸ್ಮಾರಕವೆಂದು ಘೋಷಿಸಿದರು. 1922ರಲ್ಲಿ ಅದರ ಒಡೆತನವಿದ್ದ ಹಳ್ಳಿಯವರು ಚಿತ್ರಗಳನ್ನು ಕಲಾ ವ್ಯಾಪಾರಿಗೆ ಮಾರಿದರು. ಮೊಕದ್ದಮೆ ಸರ್ವೋಚ್ಚ ನ್ಯಾಯಾಲಯದವರೆಗೆ ಹೋಗಿ ಮಾರಿದವರೇ ಗೆದ್ದರು. 1926ರಲ್ಲಿ ಚಿತ್ರಗಳನ್ನು ಗೋಡೆಯಿಂದ ಬಟ್ಟೆಗೆ ಅಂಟಿಸಿ ಸುಲಿದು ತೆಗೆದು ಅಮೆರಿಕಕ್ಕೆ ಸಾಗಿಸಿದರು. ಒಂಟೆ ನ್ಯೂಯಾರ್ಕಿನಲ್ಲಿದೆ. ಬೇರೆ ತುಣುಕುಗಳು ಬಾಸ್ಟನ್, ಸಿನ್ಸಿನಾಟಿ, ಇಂಡಿಯಾನಾಪೊಲಿಸ್ ನಗರಗಳಲ್ಲಿವೆ. ಆನೆ, ಕರಡಿ, ಬೇಟೆಯ ಚಿತ್ರಗಳು 1957ರಲ್ಲಿ ಮ್ಯಾಡ್ರಿಡ್‌ನ ಪ್ರಾಡೊ ವಸ್ತುಸಂಗ್ರಹಾಲಯಕ್ಕೆ ಮರಳಿದವು, ಅದೂ ಬದಲಿಗೆ ಫುಎಂತಿದುಎನ್ಯಾ ಎಂಬ ಊರಿನ ರೊಮನೆಸ್ಕ್ ಚರ್ಚಿನ ಗರ್ಭಗೃಹವನ್ನೇ ಕಲ್ಲು ಕಲ್ಲಾಗಿ ಬಿಚ್ಚಿ ನ್ಯೂಯಾರ್ಕಿಗೆ ಕೊಡುವ ಒಪ್ಪಂದದ ಮೇಲೆ. ಕಪ್ಪ, ಕೊಳ್ಳೆ, ವ್ಯಾಪಾರಗಳು ಮಧ್ಯಯುಗಕ್ಕೇ ಮುಗಿದವು ಎಂದುಕೊಳ್ಳಬೇಡಿ. ಸಾನ್ ಬಾವ್‌ದೇಲಿಯೊ ಗೋಡೆಯ ಮೇಲೆ ಈಗ ಸುಲಿದ ಚಿತ್ರಗಳ ಮಾಸಿದ ನೆರಳಷ್ಟೇ ಇದೆ.

ಉಪನ್ಯಾಸ ಮುಗಿದ ಮೇಲೆ ಸಭಿಕರೊಬ್ಬರು ಒಳ್ಳೆಯ ಪ್ರಶ್ನೆ ಕೇಳಿದರು: ಹಾಗಾದರೆ ರೊಮನೆಸ್ಕ್ ನಂತರ ಬಂದ ಗಾಥಿಕ್ ಶೈಲಿಯೂ ಮಸೀದಿಗಳಿಂದಲೇ ಹುಟ್ಟಿತೇ? ನನ್ನ ಉತ್ತರವನ್ನು ಇಲ್ಲಿ ಇನ್ನಷ್ಟು ಬಿಡಿಸಿ ಬರೆಯುತ್ತೇನೆ. ಗಾಥಿಕ್‌ನ ಎರಡು ಮುಖ್ಯ ಅಂಗಗಳು ಚೂಪು ಕಮಾನು ಮತ್ತು ಕಲ್ಲುಪಟ್ಟಿಯ ಛಾವಣಿ. ಚೂಪು ಕಮಾನಿನ ವಿಚಾರದಲ್ಲಿ ನಾನು ಹೌದು ಎನ್ನುವ ಕಡೆ ವಾಲುತ್ತೇನೆ. ಕೈರೋದ ಇಬ್ನ್ ತುಲೂನ್ ಮಸೀದಿ 879ರಲ್ಲಿ ಮುಗಿದಾಗಲೇ ಅದರ ಅಂಗಳದ ಸುತ್ತ ಚೂಪು ಕಮಾನುಗಳ ಸಾಲು ನಿಂತಿತ್ತು. ಈಜಿಪ್ಟಿನೊಡನೆ ವ್ಯಾಪಾರವಿದ್ದ ಅಮಾಲ್ಫಿ ದಕ್ಷಿಣ ಇಟಲಿಯಲ್ಲಿದೆ, ಅದರಿಂದ ದೂರವಲ್ಲದ ಮೊಂತೆ ಕಸ್ಸೀನೊ ಮಠದ ಹೊಸ ಚರ್ಚು 1071ರಲ್ಲಿ ಪ್ರತಿಷ್ಠೆಯಾಯಿತು. ಕ್ಲೂನಿಯ ಹ್ಯೂ 1083ರಲ್ಲಿ ಆ ಮಠಕ್ಕೆ ಹೋಗಿದ್ದ. ಐದು ವರ್ಷದಲ್ಲಿ ಶುರುವಾದ ಅವನ ಚರ್ಚಿನಲ್ಲಿ ಚೂಪು ಕಮಾನುಗಳಿದ್ದವು. ಕೈರೋದಿಂದ ಅಮಾಲ್ಫಿ, ಮೊಂತೆ ಕಸ್ಸೀನೊಗಳ ದಾರಿಯಾಗಿ ಕಮಾನು ಕ್ಲೂನಿಗೆ ಬಂದಿರಬಹುದು ಎಂಬುದು ಇದರ ಇಂಗಿತ. ಕಲ್ಲುಪಟ್ಟಿಯ ವಿಚಾರದಲ್ಲಿ ಮಾತ್ರ ನಾನು ಒಪ್ಪುವುದಿಲ್ಲ. ಇಂಗ್ಲೆಂಡಿನ ಡರ್ಹಮ್ ಕೆಥೆಡ್ರಲ್‌ನಲ್ಲಿ 1093ರಿಂದ 1133ರ ನಡುವೆ ಕಟ್ಟಿದ ಪಟ್ಟಿಗಳು ಮೂಲೆಯಿಂದ ಮೂಲೆಗೆ ಹಾಯ್ದು ನಟ್ಟನಡುವೆ ಕೂಡುತ್ತವೆ. ಅಂಕಣದ ನಂತರ ಅಂಕಣ ಜೋಡಿಸುತ್ತಾ ಎಷ್ಟು ಉದ್ದಕ್ಕೆ ಬೇಕಾದರೂ ಹೋಗಬಹುದು. ಕೋರ್ದೋಬಾದ ಪಟ್ಟಿಗಳು ನಡುವನ್ನು ಬೇಕೆಂದೇ ಬಿಟ್ಟು, ಒಂದು ಜಾಗವನ್ನು ಉಳಿದದ್ದರಿಂದ ಬೇರೆ ಮಾಡಿ ಮೆರೆಸುತ್ತವೆ. ಎರಡೂ ಕಲ್ಲುಪಟ್ಟಿಗಳೇ, ಆದರೆ ಅವುಗಳ ಕೆಲಸ ಬೇರೆ. ತೊರೆಸ್ ದೆಲ್ ರೀಯೊದ ಮೇಸ್ತ್ರಿ ಹಿಡಿದದ್ದು ಕೋರ್ದೋಬಾದ ದಾರಿಯನ್ನು, ಡರ್ಹಮ್‌ನವನ ದಾರಿಯನ್ನಲ್ಲ.